ನಕ್ಷೆಯಲ್ಲಿ ಮನೆ ಇದೆ, ನೆಲದಲ್ಲಿ ಬರೀ ಮೊಳೆ

ತುಕ್ಕುಮೊಳೆ ಕೇಳಿದ್ದು:

ನಮಸ್ಕಾರ. ಮೆಟಲ್ ಡಿಟೆಕ್ಟರ್ ತಗೊಂಡು ಎಂಟು ತಿಂಗಳಾಯಿತು. ಇಷ್ಟು ದಿನ ಅನುಮತಿ ಸಿಕ್ಕ ಹೊಲಕ್ಕೆ ಹೋಗಿ ಸುಮ್ನೆ ಮನಸ್ಸು ಬಂದ ಕಡೆ ಆಡಿಸುತ್ತಿದ್ದೆ. ಈ ಸಲ ಸ್ವಲ್ಪ ಓದಿಕೊಂಡು ಹೋಗೋಣ ಅಂತ ಹಳೆ ನಕ್ಷೆ ಹಿಡಿದೆ. ಒಂದು ಮೈಲಿಗೆ ಆರು ಇಂಚಿನ ಹಾಳೆ, ಅಂದರೆ 1:10,560. ಹೊಲದ ಮೂಲೆಯಲ್ಲಿ ಮೂರು ಪುಟ್ಟ ಕರಿ ಚೌಕ, ಅಂದರೆ ಕಟ್ಟಡಗಳು, ಪಕ್ಕದಲ್ಲಿ ಬಾವಿಯ ಗುರುತು. ಈಗ ಅಲ್ಲಿ ಒಂದು ಕಲ್ಲೂ ಇಲ್ಲ. ಆ ರಾತ್ರಿ ನಿದ್ದೆ ಬರಲಿಲ್ಲ ಅಂದರೆ ನಂಬಿ.

ಹಳೆ ಹಾಳೆಯನ್ನು ಫೋನಿನಲ್ಲಿ ಉಪಗ್ರಹ ಚಿತ್ರದ ಮೇಲೆ ಕೂರಿಸಿಕೊಂಡು, ನೀಲಿ ಚುಕ್ಕಿ ಆ ಚೌಕದ ಮೇಲೆ ಬರುವವರೆಗೂ ನಡೆದೆ. ಎರಡು ಭಾನುವಾರ, ಒಟ್ಟು ಒಂಬತ್ತು ಗಂಟೆ. ಸಿಕ್ಕಿದ್ದು ಒಂದು ಡಬ್ಬಿ ತುಂಬ ಮೊಳೆ, ಬಾಗಿಲ ಕೀಲಿನ ಅರ್ಧ ತುಂಡು, ಒಲೆಯ ಕಬ್ಬಿಣದ ಚೂರು. ನಾಣ್ಯ ಒಂದೂ ಇಲ್ಲ. ನಕ್ಷೆ ತಪ್ಪಾ, ನಾನು ತಪ್ಪಾ?

ಬೀಪ್‌ರಾಜ ಬರೆದಿದ್ದು:

ದೊಡ್ಡ ಕಾಯಿಲ್, ಅದೇ ಡಿಟೆಕ್ಟರಿನ ತುದಿಯ ತಟ್ಟೆ, ಹಾಕಿಕೊಂಡು ಹೋಗಿದ್ದೀರಾ? ಮೊಳೆ ರಾಶಿಯ ನಡುವೆ ಅದು ಕೆಲಸಕ್ಕೆ ಬರೋಲ್ಲ. ಒಂದೇ ಸಲಕ್ಕೆ ನಾಲ್ಕು ಮೊಳೆ, ಒಂದು ನಾಣ್ಯ ಅದರ ಕೆಳಗೆ ಬಂದರೆ ಕಬ್ಬಿಣದ ಗಲಾಟೆಯಲ್ಲಿ ನಾಣ್ಯದ ದನಿ ಮುಚ್ಚಿಹೋಗುತ್ತದೆ. ಚಿಕ್ಕ ಕಾಯಿಲ್ ಹಾಕಿ, ನಿಧಾನಕ್ಕೆ ಆಡಿಸಿ.

ಬದುಗಣ್ಣು ಬರೆದಿದ್ದು:

ಮೊದಲು ಅಭಿನಂದನೆ. ನೀವು ಮನೆ ಹುಡುಕಿದಿರಿ, ಮನೆ ಸಿಕ್ಕಿದೆ. ಮೊಳೆ, ಕೀಲು, ಒಲೆ. ಮನೆ ಅಂದರೆ ಇನ್ನೇನು ಸ್ವಾಮಿ?

ತಮಾಷೆ ಅಲ್ಲ. ನಾನೂ ಮೂರು ವರ್ಷ ಕರಿ ಚೌಕಗಳ ಹಿಂದೆಯೇ ಅಲೆದವನು. ಆಮೇಲೆ ಹೊಳೆಯಿತು. ಮನೆಯೊಳಗೆ ಕಾಸು ಬಿದ್ದರೆ ಯಾರಾದರೂ ಬಿಡುತ್ತಾರಾ? ಬೆಳಿಗ್ಗೆ ಕಸ ಗುಡಿಸುವಾಗ ಸಿಗುತ್ತದೆ. ಹುಲ್ಲಿನಲ್ಲಿ, ಕತ್ತಲಲ್ಲಿ, ಬೇಲಿ ಹತ್ತಿ ಇಳಿಯುವಾಗ ಬಿದ್ದಿದ್ದು ಮಾತ್ರ ಹೋಯಿತು ಅಂತ ಲೆಕ್ಕ. ಅದಕ್ಕೇ ನಾನು ಈಗ ನಕ್ಷೆಯಲ್ಲಿ ಮನೆ ನೋಡೋದು ಕೊನೆಗೆ. ಮೊದಲು ನೋಡೋದು ಚುಕ್ಕಿ ಗೆರೆ, ಅಂದರೆ ಕಾಲುದಾರಿ. ಬ್ರಿಟನ್ನಿನ ಸರ್ಕಾರಿ ನಕ್ಷೆ ಸಂಸ್ಥೆ ಆರ್ಡ್‌ನನ್ಸ್ ಸರ್ವೆಯ ಹಾಳೆಗಳಲ್ಲಿ ಅದರ ಪಕ್ಕ ‘ಎಫ್.ಪಿ.’ ಅಂತ ಬರೆದಿರುತ್ತಾರೆ. ಆ ಗೆರೆ ಹೊಲದ ಬೇಲಿಯನ್ನು ಎಲ್ಲಿ ದಾಟುತ್ತದೆ? ಅಲ್ಲೊಂದು ಗೇಟೋ ದಣಪೆಯೋ ಇದ್ದೇ ಇರುತ್ತದೆ. ಜನ ಅಲ್ಲಿ ಬಗ್ಗುತ್ತಾರೆ, ಕಾಲೆತ್ತುತ್ತಾರೆ, ಹೊರೆ ಇಳಿಸುತ್ತಾರೆ, ನಿಂತು ಹರಟುತ್ತಾರೆ.

ನನ್ನದೇ ಒಂದು ಹೊಲದ ಕಥೆ ಹೇಳುತ್ತೇನೆ. 1:2500 ಹಾಳೆಯಲ್ಲಿ ಮೂರು ಹೊಲ ಇದ್ದವು, ಈಗ ಬೇಲಿ ಕಿತ್ತು ಒಂದೇ ಮಾಡಿದ್ದಾರೆ. ಕಾಲುದಾರಿ ಆ ಕಿತ್ತ ಬೇಲಿಯನ್ನು ಒಂದು ಕಡೆ ದಾಟುತ್ತಿತ್ತು. ಹೋಗಿ ನಿಂತರೆ ಏನೂ ಇಲ್ಲ, ಕೊಯ್ದ ಪೈರಿನ ಕೂಳೆ ಅಷ್ಟೇ. ಮೊದಲ ಸಿಗ್ನಲ್ ದಪ್ಪ ಕಬ್ಬಿಣ. ಬಿಟ್ಟುಬಿಡೋಣ ಅಂದುಕೊಂಡೆ, ಅಗೆದೆ. ಗೇಟು ನೇತುಹಾಕುವ ಕೊಕ್ಕೆ, ನನ್ನ ಅಂಗೈಗಿಂತ ಉದ್ದ. ಅದನ್ನು ನೆಟ್ಟಗೆ ಅಲ್ಲೇ ನಿಲ್ಲಿಸಿ ಸುತ್ತ ಹುಡುಕಿದೆ. ಆರು ಹೆಜ್ಜೆ ಉದ್ದ, ನಾಲ್ಕು ಹೆಜ್ಜೆ ಅಗಲದ ಜಾಗದಲ್ಲಿ ಹನ್ನೊಂದು ನಾಣ್ಯ, ಬಟ್ಟೆಯ ಏಳು ಗುಂಡಿ. ನಾಣ್ಯಗಳೆಲ್ಲ ತಾಮ್ರ, ಹೆಚ್ಚಿನವು ಸವೆದು ನುಣ್ಣಗಾಗಿದ್ದವು. ಗುಂಡಿಗಳಲ್ಲಿ ಐದರ ಹಿಂದಿನ ಕಿವಿ ಕಿತ್ತುಹೋಗಿತ್ತು. ಬೇಲಿ ಹತ್ತುವಾಗ ಕೋಟು ಸಿಕ್ಕಿಕೊಂಡಿರಬೇಕು ಪಾಪ.

ಈಗ ನಿಮ್ಮ ನೀಲಿ ಚುಕ್ಕಿ. ನಿಮ್ಮ ಹಾಳೆಯಲ್ಲಿ 1 ಮಿಲಿಮೀಟರ್ ಅಂದರೆ ನೆಲದಲ್ಲಿ 10.56 ಮೀಟರ್. ಗೆರೆಯ ದಪ್ಪವೇ ಒಂದೆರಡು ಮೀಟರ್ ತಿನ್ನುತ್ತದೆ. ಫೋನಿನ ಜಿಪಿಎಸ್ ತೆರೆದ ಬಯಲಲ್ಲೂ ಸುಮಾರು 5 ಮೀಟರ್ ಆಚೀಚೆ. ಮೇಲೆ, ಹಳೆ ಕಾಗದ ತೇವಕ್ಕೆ ಹಿಗ್ಗಿ ಕುಗ್ಗಿರುತ್ತದೆ, ಮಡಿಕೆ ಬಿದ್ದಿರುತ್ತದೆ. ಹಾಗಾಗಿ ಹೊಲದ ಹತ್ತಿರ ಇವತ್ತಿಗೂ ನಿಂತಿರುವ ಏನಾದರೂ ಹುಡುಕಿ: ಸೇತುವೆಯ ಮೂಲೆ, ಹಳೆ ಕಟ್ಟಡದ ಮೂಲೆ, ಗಡಿಕಲ್ಲು. ಹಳೆ ಹಾಳೆಯಲ್ಲಿ ಅದು ಎಲ್ಲಿ ಕೂತಿದೆ, ಉಪಗ್ರಹ ಚಿತ್ರದಲ್ಲಿ ಎಲ್ಲಿದೆ, ಎಷ್ಟು ಜರುಗಿದೆ ಅಂತ ಅಳೆದುಕೊಳ್ಳಿ. ಎರಡು ಮೂರು ಕಡೆ ಅಳೆದರೆ ಒಳ್ಳೆಯದು. ಹೊಳೆಯ ತಿರುವು ನಂಬಬೇಡಿ, ಹೊಳೆ ಜಾಗ ಬದಲಿಸುತ್ತದೆ. ನನಗೆ ಒಮ್ಮೆ ಊರ ನಡುವಿನ ಗೋಪುರ ಸರಿಯಾಗಿ ಕೂತಿತ್ತು, ಎರಡು ಕಿಲೋಮೀಟರ್ ಆಚೆಯ ಹೊಲ 18 ಮೀಟರ್ ಜರುಗಿತ್ತು. ಗೋಪುರ ನಂಬಿ ಒಂದು ದಿನ ಹಾಳು ಮಾಡಿಕೊಂಡೆ.

ಇನ್ನೊಂದು, ಹಾಳೆಯ ಅಂಚಿನಲ್ಲಿ ಬರೆದ ವರ್ಷ. ಸರ್ವೆ ಮಾಡಿದ ವರ್ಷ ಬೇರೆ, ಪರಿಷ್ಕರಿಸಿದ್ದು ಬೇರೆ, ಅಚ್ಚಾಗಿದ್ದು ಬೇರೆ. ಆರ್ಡ್‌ನನ್ಸ್ ಸರ್ವೆಯ ಹಳೆ ಒಂದಿಂಚಿನ ಹಾಳೆಗಳಲ್ಲಿ ಹಳೆ ತಾಮ್ರದ ಅಚ್ಚಿಗೇ ಹೊಸ ರೈಲು ದಾರಿ ಸೇರಿಸಿ, ಕೆಳಗಿನ ಇಸವಿ ಹಾಗೇ ಬಿಟ್ಟಿದ್ದುಂಟು. ಒಂದೇ ಹಾಳೆ ನಂಬದೆ ಹಿಂದಿನದು, ಮುಂದಿನದು ಪಕ್ಕಪಕ್ಕ ಇಟ್ಟು ನೋಡಿ. ಏನು ಮಾಯವಾಯಿತೋ ಅಲ್ಲಿ ಕೆಲಸ ಇದೆ.

ಹಳೆಹಾಳೆ ಬರೆದಿದ್ದು:

ಬದುಗಣ್ಣು ಸರ್ ಹೇಳಿದ್ದು ಸರಿ. ಒಂದು ಮಾತು ಸೇರಿಸುತ್ತೇನೆ. ಇಂಗ್ಲೆಂಡ್, ವೇಲ್ಸ್‌ನಲ್ಲಿ 1836ರ ಕಾಯ್ದೆ ಆದಮೇಲೆ ಮಾಡಿದ ಟೈದ್ ನಕ್ಷೆಗಳಲ್ಲಿ (ಟೈದ್ ಅಂದರೆ ಚರ್ಚಿಗೆ ಕೊಡಬೇಕಿದ್ದ ಬೆಳೆಯ ಹತ್ತನೇ ಪಾಲು) ಹೊಲಕ್ಕೆ ಬರೀ ನಂಬರ್ ಇರುತ್ತದೆ. ಹೊಲದ ಹೆಸರು ಬೇಕಂದರೆ ಜೊತೆಗಿರುವ ದಾಖಲೆ ಪುಸ್ತಕ ನೋಡಬೇಕು. ಜಾಸ್ತಿ ಜನ ನಕ್ಷೆ ಮಾತ್ರ ನೋಡಿ ಸುಮ್ಮನಾಗುತ್ತಾರೆ. ‘ಜಾತ್ರೆ ಹೊಲ’ ಅನ್ನುವಂಥ ಹೆಸರು ಕಂಡರೆ ಹತ್ತು ಕರಿ ಚೌಕಕ್ಕಿಂತ ಮೇಲು. ಅಮೆರಿಕದ ಪಟ್ಟಣಗಳಿಗೆ 1867ರಿಂದ ಶುರುವಾದ ಸ್ಯಾನ್‌ಬಾರ್ನ್ ವಿಮೆ ನಕ್ಷೆಗಳಿವೆ. ಇಟ್ಟಿಗೆ ಕಟ್ಟಡ ಗುಲಾಬಿ, ಮರದ್ದು ಹಳದಿ. ತಿದ್ದುಪಡಿ ಬಂದಾಗ ಹಳೆಯದರ ಮೇಲೆಯೇ ಚೀಟಿ ಅಂಟಿಸುತ್ತಿದ್ದರು. ಅಂದರೆ ಕೆಳಗಿನ ಮನೆ ನಿಮಗೆ ಕಾಣುವುದೇ ಇಲ್ಲ.

ಲೈಡಾರ್ ಚಿತ್ರ, ಅಂದರೆ ವಿಮಾನದಿಂದ ಲೇಸರ್ ಬಿಟ್ಟು ನೆಲದ ಏರುತಗ್ಗು ಅಳೆದ ಚಿತ್ರ, ಸಿಗುವ ಕಡೆ ಅದನ್ನೂ ನೋಡಿ. ಸವೆದು ತಗ್ಗಾದ ಹಳೆ ದಾರಿ ಅದರಲ್ಲಿ ಗೀಟು ಎಳೆದ ಹಾಗೆ ಕಾಣುತ್ತದೆ.

ಮೌನಿ ಬರೆದಿದ್ದು:

ನಕ್ಷೆ ಸಿಕ್ಕಿತು ಅಂದರೆ ಅನುಮತಿ ಸಿಕ್ಕಿತು ಅಂತಲ್ಲ. ಜಮೀನಿನವರ ಒಪ್ಪಿಗೆ ಬರವಣಿಗೆಯಲ್ಲಿ ತಗೊಳ್ಳಿ, ಸಂರಕ್ಷಿತ ಸ್ಮಾರಕದ ಹತ್ತಿರವೂ ಹೋಗಬೇಡಿ. ನಿಧಿಯ ಕಾನೂನು ದೇಶಕ್ಕೊಂದು. ಇಂಗ್ಲೆಂಡಿನಲ್ಲಿ 1996ರ ಟ್ರೆಷರ್ ಕಾಯ್ದೆ, 14 ದಿನದೊಳಗೆ ಕರೋನರ್ ಅನ್ನುವ ವಿಚಾರಣಾಧಿಕಾರಿಗೆ ತಿಳಿಸಬೇಕು. ಭಾರತದಲ್ಲಿ 1878ರ ಕಾಯ್ದೆ, ಹೇಳಬೇಕಾದ್ದು ಕಲೆಕ್ಟರ್‌ಗೆ. ಹೋಗುವ ಮುಂಚೆ ಓದಿಕೊಳ್ಳಿ, ಸಿಕ್ಕಮೇಲೆ ಅಲ್ಲ.

ತುಕ್ಕುಮೊಳೆ ಬರೆದಿದ್ದು:

ಮೂರು ವಾರ ಬಿಟ್ಟು ಬರುತ್ತಿದ್ದೇನೆ, ಕ್ಷಮಿಸಿ. ಪಕ್ಕದ ಕಲ್ಲಿನ ಸೇತುವೆಯಿಂದ ಅಳೆದೆ, 14 ಮೀಟರ್ ಪೂರ್ವಕ್ಕೆ ಜರುಗಿದೆ. ಅಂದರೆ ಆ ಮೊಳೆಗಳು ಮನೆಯದ್ದೂ ಅಲ್ಲ, ಹಿಂದಿನ ಕೊಟ್ಟಿಗೆಯದ್ದು! ಚುಕ್ಕಿ ಗೆರೆ ಬೇಲಿ ದಾಟುವ ಜಾಗಕ್ಕೆ ಹೋದೆ. ಎರಡು ಗಂಟೆಯಲ್ಲಿ ನಾಲ್ಕು ನಾಣ್ಯ, ಒಂದು ಬೆರಳ ಟೋಪಿ, ಅದೇ ಹೊಲಿಗೆಯವರು ಹಾಕಿಕೊಳ್ಳೋದು. ಚಿಕ್ಕ ಮಗುವಿನ ಬೆರಳಿಗೆ ಆಗುವಷ್ಟು ಪುಟ್ಟದು.

ಬಾವಿಯೂ ಸಿಕ್ಕಿತು. ಡಿಟೆಕ್ಟರಿಗಲ್ಲ, ಕಾಲಿಗೆ. ಅಲ್ಲಿ ನೆಲ ತಟ್ಟೆಯ ಹಾಗೆ ತಗ್ಗಾಗಿದೆ, ತುಳಿದರೆ ಟೊಳ್ಳು ಸದ್ದು.

ಬದುಗಣ್ಣು ಬರೆದಿದ್ದು:

ಆ ಕಡೆ ಇನ್ನೊಂದು ಹೆಜ್ಜೆ ಇಡಬೇಡಿ! ಹಳೆ ಬಾವಿಗಳನ್ನು ಎಷ್ಟೋ ಸಲ ಮರದ ಹಲಗೆ ಹಾಕಿ ಮೇಲೆ ಮಣ್ಣು ಎಳೆದು ಮುಚ್ಚಿರುತ್ತಾರೆ. ಹಲಗೆ ಕೊಳೆತಿದ್ದರೆ ನೀವೂ ಡಿಟೆಕ್ಟರೂ ಒಟ್ಟಿಗೆ ಒಳಗೆ. ಜಮೀನಿನವರಿಗೆ ಇವತ್ತೇ ಹೇಳಿ, ಟ್ರ್ಯಾಕ್ಟರ್ ಹೋಗುವ ಜಾಗ ಅದು.

ತುಕ್ಕುಮೊಳೆ ಬರೆದಿದ್ದು:

ಹೇಳಿದೆ. ಅಲ್ಲೊಂದು ಬಾವಿ ಇತ್ತು ಅಂತ ಅವರಿಗೂ ಗೊತ್ತಿರಲಿಲ್ಲ. ಸುತ್ತ ನಾಲ್ಕು ಕಂಬ ನೆಟ್ಟು ಹಗ್ಗ ಕಟ್ಟಿದ್ದಾರೆ. ನಕ್ಷೆಯ ಪ್ರಿಂಟ್ ಅವರೇ ಇಟ್ಟುಕೊಂಡರು, ಬೆರಳ ಟೋಪಿಯೂ ಅವರ ಮನೆ ಕಿಟಕಿಯಲ್ಲಿದೆ. ಹೊಳೆಯಾಚೆ ಇನ್ನೊಂದು ಹೊಲ ಇದೆ, ಅದರ ಹಾಳೆಯನ್ನೂ ತಗೊಂಡು ಬಾ ಅಂದರು.