ಫಂಕ್ಷನ್ ಕೊಡುವ ಟೇಬಲ್‌ಗೆ ಕಾಲಂ ಎಷ್ಟು ಅಂತ ಮೊದಲೇ ಹೇಳಲೇಬೇಕಾ? (ಪೋಸ್ಟ್‌ಗ್ರೆಸ್)

ಮಂಜುಮಳೆ, ಮಡಿಕೇರಿ:
ನಮಸ್ಕಾರ ಎಲ್ಲರಿಗೂ. ನಮ್ಮ ಮಾವನ ತೋಟ ಅಮ್ಮತ್ತಿ ಹತ್ತಿರ. ಅವರು ಮತ್ತೆ ಜಿಲ್ಲೆಯ ಬೇರೆ ಬೇರೆ ಕಡೆ ಇರುವ ಅವರ ಗೆಳೆಯರು ದಿನಾ ಬೆಳಿಗ್ಗೆ ಮಳೆ ಅಳೆದು ಇಂಚು, ಸೆಂಟ್ (ಇಂಚಿನ ನೂರರಲ್ಲೊಂದು ಪಾಲು) ಲೆಕ್ಕದಲ್ಲಿ ಬರೆದಿಡುತ್ತಾರೆ. ಇಷ್ಟು ವರ್ಷ ಡೈರಿಯಲ್ಲಿತ್ತು, ಈಗ ನಾನು ಪೋಸ್ಟ್‌ಗ್ರೆಸ್ ಡೇಟಾಬೇಸ್‌ಗೆ ಹಾಕುತ್ತಿದ್ದೇನೆ. ಟೇಬಲ್‌ನಲ್ಲಿ ಮೂರೇ ಕಾಲಂ: ತಾರೀಖು, ಜಾಗ, ಇಂಚು. ಆದರೆ ಮಾವನಿಗೆ ಡೈರಿ ಥರವೇ ಬೇಕು. ಎಡಗಡೆ ತಾರೀಖು, ಮೇಲೆ ಅಡ್ಡಕ್ಕೆ ಅಮ್ಮತ್ತಿ, ಕುಶಾಲನಗರ, ಭಾಗಮಂಡಲ ಹೀಗೆ. ಹೊಸಬರು ಸೇರಿದರೆ ಒಂದು ಕಾಲಂ ತಾನಾಗಿಯೇ ಜಾಸ್ತಿಯಾಗಬೇಕು.

ರಿಟರ್ನ್ಸ್ ಸೆಟ್‌ಆಫ್ ರೆಕಾರ್ಡ್ (ಸಾಲುಗಳನ್ನು ಕೊಡುತ್ತೇನೆ, ಕಾಲಂ ಯಾವುವು ಅಂತ ಈಗ ಹೇಳಲ್ಲ) ಅಂತ ಫಂಕ್ಷನ್ ಬರೆದು, ಒಳಗೆ ಕ್ವೆರಿಯನ್ನು ಸ್ಟ್ರಿಂಗ್ ಆಗಿ ಕಟ್ಟಿ ಓಡಿಸಿದೆ. ಕರೆದ ತಕ್ಷಣ ‘ಕಾಲಂ ಡೆಫಿನಿಷನ್ ಲಿಸ್ಟ್ ಕೊಡು’, ಅಂದರೆ ಕಾಲಂಗಳ ಹೆಸರು, ಟೈಪ್ ಪಟ್ಟಿ ಕೊಡು ಅಂತ ಎರರ್. ಲಿಸ್ಟ್ ಕೊಡುವುದಾದರೆ ಫಂಕ್ಷನ್ ಬರೆದು ಏನು ಬಂತು?

ಇನ್ನೊಂದು ವಿಚಿತ್ರ. ಉದ್ದಕ್ಕಿರುವ ಸಾಲುಗಳನ್ನು ಅಡ್ಡ ಕಾಲಂ ಮಾಡಿಕೊಡುವ ಕ್ರಾಸ್‌ಟ್ಯಾಬ್ ಫಂಕ್ಷನ್ ಹಾಕಿ ನೋಡಿದಾಗ ಒಂದು ದಿನ ಕುಶಾಲನಗರದಲ್ಲಿ ಆರು ಇಂಚು ಮಳೆ ಅಂತ ತೋರಿಸಿತು. ಮಾವ ಫೋನ್ ಮಾಡಿ, ‘ಕುಶಾಲನಗರ ಏನು ಹೊಳೆಗೆ ಬಿದ್ದಿದೆಯೇನೋ’ ಅಂತ ನಕ್ಕರು.

ಗದ್ದೆಬದಿ:
ಮೊದಲು ಆ ಆರು ಇಂಚಿನ ವಿಷಯ. ಅದು ಭಾಗಮಂಡಲದ ಮಳೆ. ಒಂದೇ ಆರ್ಗ್ಯುಮೆಂಟ್ ಕೊಟ್ಟರೆ ಕ್ರಾಸ್‌ಟ್ಯಾಬ್ ಜಾಗದ ಹೆಸರನ್ನು ನೋಡುವುದೇ ಇಲ್ಲ, ಬಂದ ಬೆಲೆಗಳನ್ನು ಎಡದಿಂದ ತುಂಬುತ್ತಾ ಹೋಗುತ್ತದೆ. ಅವತ್ತು ಕುಶಾಲನಗರದವರು ಬರೆದಿಲ್ಲ ಅನಿಸುತ್ತದೆ, ಪಕ್ಕದ್ದು ಸರಿದು ಬಂದು ಕೂತಿದೆ. ಎರಡನೇ ಆರ್ಗ್ಯುಮೆಂಟ್ ಆಗಿ ಜಾಗಗಳ ಪಟ್ಟಿಯ ಕ್ವೆರಿ ಕೊಡಿ, ಆಗ ಬರೆಯದ ಕಡೆ ಖಾಲಿ ಇರುತ್ತದೆ. ಎರರ್ ಬಂದರೆ ಬೇಗ ಗೊತ್ತಾಗುತ್ತದೆ, ಇದು ಎರರ್ ಇಲ್ಲದೆ ಸುಳ್ಳು ಹೇಳುವ ಜಾತಿ. ನಿಮ್ಮ ಮಾವನಿಗೆ ಊರು ಗೊತ್ತಿದ್ದಕ್ಕೆ ಸಿಕ್ಕಿಬಿತ್ತು.

ಇನ್ನು ಕಾಲಂ ಲಿಸ್ಟ್. ತಪ್ಪಿಸಿಕೊಳ್ಳೋಕೆ ಆಗಲ್ಲ. ಫಂಕ್ಷನ್ ಕ್ವೆರಿಯ ಫ್ರಮ್‌ನಲ್ಲಿ, ಟೇಬಲ್ ಕೂರುವ ಜಾಗದಲ್ಲಿ, ಕೂತ ಮೇಲೆ ಅದರ ಮೇಲೆ ವೇರ್ (ಷರತ್ತು) ಹಾಕಬಹುದು, ಬೇರೆ ಟೇಬಲ್ ಜೊತೆ ಜಾಯಿನ್ ಮಾಡಬಹುದು. ‘ಭಾಗಮಂಡಲ > 5’ ಅಂತ ಬರೆದರೆ ಆ ಹೆಸರಿನ ಕಾಲಂ ಇದೆಯಾ, ಅದು ಸಂಖ್ಯೆಯಾ ಅಕ್ಷರವಾ ಅಂತ ಪೋಸ್ಟ್‌ಗ್ರೆಸ್ ಕ್ವೆರಿ ಓಡಿಸುವ ಮೊದಲೇ ನೋಡಬೇಕು. ನಿಮ್ಮ ಫಂಕ್ಷನ್‌ನ ಒಳಗಿನ ಸ್ಟ್ರಿಂಗ್ ಬಿಚ್ಚಿಕೊಳ್ಳುವುದು ಓಡಿದ ಮೇಲೆ. ಎನಿಎಲಿಮೆಂಟ್ (ಕರೆಯುವವರು ಕೊಟ್ಟ ಟೈಪನ್ನೇ ಫಂಕ್ಷನ್ ವಾಪಸ್ ಕೊಡುವುದು) ಅಂತ ಉಪಾಯ ಒಂದಿದೆ, ಆದರೆ ಅದಕ್ಕೂ ಆ ಆಕಾರದ ಟೈಪ್ ಮೊದಲೇ ಇರಬೇಕು. ಸುತ್ತಿ ಬಳಸಿ ಅಲ್ಲಿಗೇ ಬರುತ್ತೀರಿ.

ಹಳೇ ಡಿಬಿಎ:
ಪೋಸ್ಟ್‌ಗ್ರೆಸ್ ಒಂದನ್ನೇ ಬೈಯಬೇಡಿ. ಎಸ್‌ಕ್ಯೂಎಲ್ ಸರ್ವರ್‌ನಲ್ಲಿ ಫಂಕ್ಷನ್ ಒಳಗೆ ಡೈನಮಿಕ್ ಕ್ವೆರಿ (ಸ್ಟ್ರಿಂಗ್ ಆಗಿ ಕಟ್ಟಿದ್ದು) ಓಡಿಸುವುದಕ್ಕೇ ಬಿಡುವುದಿಲ್ಲ. ಸ್ಟೋರ್ಡ್ ಪ್ರೊಸೀಜರ್ ಎಷ್ಟು ಕಾಲಂ ಬೇಕಾದರೂ ಕೊಡುತ್ತದೆ, ಆದರೆ ಅದರ ಮೇಲೆ ನೇರ ಸೆಲೆಕ್ಟ್ ಹಾಕೋಕೆ ಆಗಲ್ಲ. ಟೇಬಲ್‌ಗೆ ತುಂಬಿಸಿಕೊಳ್ಳೋಣ ಅಂದರೆ ಆ ಟೇಬಲ್ ಸರಿಯಾದ ಕಾಲಂಗಳ ಜೊತೆ ಮೊದಲೇ ಇರಬೇಕು. ಮೈಎಸ್‌ಕ್ಯೂಎಲ್ ಫಂಕ್ಷನ್ ಅಂತೂ ಟೇಬಲ್ ಕೊಡುವುದೇ ಇಲ್ಲ. ಒರಾಕಲ್ 18ಸಿ ಯಲ್ಲಿ ಕಾಲಂಗಳು ಬದಲಾಗಬಲ್ಲ ಪಾಲಿಮಾರ್ಫಿಕ್ ಟೇಬಲ್ ಫಂಕ್ಷನ್ ಬಂತು, ಅಲ್ಲೂ ಆಕಾರ ತೀರ್ಮಾನವಾಗುವುದು ಪಾರ್ಸ್ ಮಾಡುವಾಗ, ಅಂದರೆ ಕ್ವೆರಿ ಓಡುವ ಮೊದಲೇ.

ಫಂಕ್ಷನ್ನೇ ಬೇಕು ಅಂತಿದ್ದರೆ ರೆಫ್‌ಕರ್ಸರ್ (ಉತ್ತರದ ಬದಲು ಅದಕ್ಕೊಂದು ಹಿಡಿ) ಕೊಡಿಸಿ, ಆಮೇಲೆ ಫೆಚ್ ಆಲ್ ಮಾಡಿ ಸಾಲುಗಳನ್ನು ತೆಗೆದುಕೊಳ್ಳಿ. ಎರಡೂ ಒಂದೇ ಟ್ರಾನ್ಸಾಕ್ಷನ್‌ನಲ್ಲಿ ಇರಲಿ. ಆಟೋಕಮಿಟ್ (ಪ್ರತಿ ಕಮಾಂಡೂ ಬೇರೆ ಟ್ರಾನ್ಸಾಕ್ಷನ್ ಆಗಿ ಮುಗಿಯುವುದು) ಆನ್ ಇದ್ದರೆ ಫೆಚ್ ಮಾಡುವಷ್ಟರಲ್ಲಿ ಕರ್ಸರ್ ಹೋಗಿರುತ್ತದೆ. ನಾನು ಇದಕ್ಕೆ ಒಂದು ಇಡೀ ಮಧ್ಯಾಹ್ನ ಕಳೆದಿದ್ದೇನೆ.

ಪಾರ್ಚ್‌ಮೆಂಟ್, ಪೊನ್ನಂಪೇಟೆ:
ಇಷ್ಟೆಲ್ಲ ಯಾಕೆ ಅಂತ ನನ್ನ ಪ್ರಶ್ನೆ. ಡೇಟಾ ಉದ್ದಕ್ಕೇ ಇರಲಿ, ಅಡ್ಡ ಮಾಡುವುದು ತೋರಿಸುವವನ ಕೆಲಸ. ಪೋಸ್ಟ್‌ಗ್ರೆಸ್ ಜೊತೆ ಬರುವ ಕಮಾಂಡ್ ಟೂಲ್ ಪಿಎಸ್‌ಕ್ಯೂಎಲ್‌ನಲ್ಲೂ 9.6 ಆವೃತ್ತಿಯಿಂದ ಕ್ರಾಸ್‌ಟ್ಯಾಬ್‌ವ್ಯೂ ಅಂತ ಇದೆ, ಅದು ಅಡ್ಡ ಮಾಡುವುದು ಸರ್ವರ್‌ನಲ್ಲಲ್ಲ, ಉತ್ತರ ಕೈಗೆ ಬಂದ ಮೇಲೆ. ನೀವು ತಾರೀಖಿಗೆ ಗ್ರೂಪ್ ಮಾಡಿ, ಜಾಗ ಮತ್ತು ಇಂಚನ್ನು ಜೆಸನ್‌ಬಿ ಆಬ್ಜೆಕ್ಟ್ ಆ್ಯಗ್‌ಗೆ ಕೊಟ್ಟುಬಿಡಿ, ಅದು ಹೆಸರು-ಬೆಲೆ ಜೋಡಿಗಳನ್ನೆಲ್ಲ ಒಂದೇ ಜೆಸನ್ ಕಟ್ಟು ಮಾಡುತ್ತದೆ. ಫಂಕ್ಷನ್‌ಗೆ ಯಾವತ್ತೂ ಎರಡೇ ಕಾಲಂ: ತಾರೀಖು, ಒಂದು ಜೆಸನ್. ನಾಳೆ ಶ್ರೀಮಂಗಲದವರು ಸೇರಿದರೂ ಕೋಡ್ ಮುಟ್ಟಬೇಕಾಗಿಲ್ಲ. ಒಂದೇ ಎಚ್ಚರಿಕೆ, ಜೆಸನ್‌ಬಿ ಹೆಸರುಗಳನ್ನು ತನ್ನದೇ ಕ್ರಮದಲ್ಲಿ ಇಟ್ಟುಕೊಳ್ಳುತ್ತದೆ. ಕಾಲಂ ಯಾವುದರ ನಂತರ ಯಾವುದು ಅನ್ನುವುದನ್ನು ತೋರಿಸುವ ಪೇಜ್‌ನಲ್ಲೇ ಹೇಳಿ.

ಮಂಜುಮಳೆ, ಮಡಿಕೇರಿ:
ಎಲ್ಲರಿಗೂ ಥ್ಯಾಂಕ್ಸ್. ನಿನ್ನೆ ರಾತ್ರಿ ಎರಡು ಸಲ ಕರೆಂಟ್ ಹೋಯಿತು, ಆದರೂ ಜೆಸನ್ ದಾರಿಯಲ್ಲಿ ಮುಗಿಸಿದೆ. ಗದ್ದೆಬದಿ ಸರ್, ನೀವು ಹೇಳಿದ್ದು ನಿಜ, ಅವತ್ತು ಕುಶಾಲನಗರದ ಸಾಲೇ ಇರಲಿಲ್ಲ. ಈಗ ಅಲ್ಲಿ ಬರೀ ಗೆರೆ ಬರುತ್ತದೆ. ಮಾವನ ಹೊಸ ತಕರಾರು: ಮಳೆ ಬರದಿದ್ದರೆ ಸೊನ್ನೆ, ಅಳೆಯದಿದ್ದರೆ ಗೆರೆ, ಎರಡನ್ನೂ ಬೇರೆ ಬಣ್ಣದಲ್ಲಿ ತೋರಿಸಬೇಕಂತೆ.