‘ಹಂಚಿಕೆ ಪೂರ್ಣ’ ಅಂತ ನಡಾವಳೀಲಿ ಬರೆದಾಯ್ತು

ಸೀನ: ಕೇಳಿದ್ರಾ ರಾಯರೇ? ಇಲಾಖೆಗಳೆಲ್ಲ ಡಿಜಿಟಲ್ ನಕ್ಷೆ ಹಂಚ್ಕೊಳ್ಳೋಕೆ ಒಪ್ಪಿವೆಯಂತೆ. ನೀರು, ರಸ್ತೆ, ವಿದ್ಯುತ್, ಅರಣ್ಯ, ಭೂದಾಖಲೆ, ಎಲ್ಲ ಒಂದೇ ಪರದೆ ಮೇಲೆ. ಇನ್ಮೇಲೆ ಡಾಂಬರು ಹಾಕಿದ ಮಾರನೇ ದಿನ ಅಗೆಯೋ ಪ್ರಶ್ನೇನೇ ಇಲ್ಲ.

ರಾಯರು: ಸಂತೋಷ. ಏನು ಒಪ್ಪಿದ್ದಾರಪ್ಪ?

ಸೀನ: ಹಂಚ್ಕೊಳ್ಳೋದನ್ನ!

ರಾಯರು: ಅಷ್ಟು ಪತ್ರಿಕಾ ಪ್ರಕಟಣೆಗೆ ಸಾಕು.

ಪದ್ಮ: ಮುಂದಿನದ್ದು ನಾನು ಹೇಳ್ತೀನಿ. ಮೊದಲು ಒಂದು ಪಿಡಿಎಫ್ ಬರತ್ತೆ. ಸ್ಕ್ಯಾನ್ ಮಾಡಿದ್ದು, ಸ್ವಲ್ಪ ಓರೆ, ಮೂಲೇಲಿ ಮೊಹರು. ‘ಇದಲ್ಲ ಸ್ವಾಮಿ, ಡೇಟಾ ಬೇಕು’ ಅಂದ್ರೆ ಡಬ್ಲ್ಯುಎಂಎಸ್ ಲಿಂಕ್ ಬರತ್ತೆ. ಅದು ನಕ್ಷೆಯ ಚಿತ್ರ ಕಳಿಸೋ ಸೇವೆ. ಗೆರೆ ಕಣ್ಣಿಗೆ ಬೀಳತ್ತೆ, ಕೈಗೆ ಸಿಗಲ್ಲ. ನಮ್ಮ ರಸ್ತೆ ಅವರ ಕೊಳವೇನ ಎಷ್ಟು ಕಡೆ ದಾಟತ್ತೆ ಅಂತ ಲೆಕ್ಕ ಹಾಕ್ಬೇಕಾದ್ರೆ ಡಬ್ಲ್ಯುಎಫ್‌ಎಸ್ ಬೇಕು. ಅದು ಗೆರೆಯನ್ನೇ ಗುಣವಿವರದ ಸಮೇತ ಕೊಡತ್ತೆ. ಸಭೆಯ ನಡಾವಳೀಲಿ ಮಾತ್ರ ಮೂರಕ್ಕೂ ಒಂದೇ ಷರಾ: ‘ಹಂಚಿಕೆ ಪೂರ್ಣ’.

ಗುಂಡ: ಕೊನೆಗೆ ನಕ್ಷೆ ಡೇಟಾದ ಫೈಲು, ಶೇಪ್‌ಫೈಲ್ ಕೊಡ್ತಾರಲ್ಲ, ಬಿಡು.

ಪದ್ಮ: ಕೊಡ್ತಾರೆ. ಹೆಸರು ಒಂದು, ಫೈಲು ಕನಿಷ್ಠ ಮೂರು. ಆಕಾರಕ್ಕೆ ಎಸ್‌ಎಚ್‌ಪಿ, ಸೂಚಿಗೆ ಎಸ್‌ಎಚ್‌ಎಕ್ಸ್, ಗುಣವಿವರಕ್ಕೆ ಡಿಬಿಎಫ್. ಜೊತೆಗೆ ನಿರ್ದೇಶಾಂಕ ಪದ್ಧತಿ, ಅಂದ್ರೆ ಜಾಗಾನ ಅಂಕೀಲಿ ಗುರುತಿಸೋ ರೀತಿ, ಯಾವುದು ಅಂತ ಹೇಳೋ ಪಿಆರ್‌ಜೆ. ಕಳಿಸೋರು ಮೊದಲನೇದನ್ನ ಮೇಲ್‌ಗೆ ಸೇರಿಸಿ ಉಳಿದದ್ದನ್ನ ಕಸ ಅಂತ ಅಳಿಸಿರ್ತಾರೆ. ಎಸ್‌ಎಚ್‌ಎಕ್ಸ್ ಹೋದ್ರೆ ಮತ್ತೆ ಕಟ್ಕೋಬಹುದು. ಡಿಬಿಎಫ್ ಹೋದ್ರೆ ಗೆರೆ ಉಳಿಯತ್ತೆ, ಅದು ನೀರೋ ಕರೆಂಟೋ ಮುಟ್ಟಿ ನೋಡ್ಬೇಕು.

ಸೀನ: ಮುಟ್ಟೋದು ಗುಂಡನ ಕೈಲಿ ಮಾಡಿಸೋಣ.

ಪದ್ಮ: ಡಿಬಿಎಫ್ ಬಂದ್ರೂ ಸುಖ ಇಲ್ಲ ಕಣೋ. ಅದರಲ್ಲಿ ಕಾಲಮ್ಮಿನ ಹೆಸರಿಗೆ ಇರೋ ಜಾಗ 10 ಬೈಟು. ಅಕ್ಷರಗಳ ಸಂಕೇತ ಪದ್ಧತಿ ಯುಟಿಎಫ್-8ರಲ್ಲಿ ಕನ್ನಡದ ಒಂದೊಂದು ಚಿಹ್ನೆಗೂ 3 ಬೈಟು. ಅಂದ್ರೆ ಮೂರೇ ಚಿಹ್ನೆ. ‘ಕೊಳವೆ ವ್ಯಾಸ’ ಅಂತ ಕಾಲಮ್ಮು ಮಾಡಿ ಕಳಿಸಿದ್ರೆ ಅಲ್ಲಿ ತಲುಪೋದು ‘ಕೊಳ’.

ಗುಂಡ: ಮೀನುಗಾರಿಕೆ ಇಲಾಖೇನೂ ಸೇರಿಸ್ಕೊಳ್ಳಿ ಹಾಗಾದ್ರೆ.

ಪದ್ಮ: ‘ಕೊಳವೆ ಆಳ’ ಅನ್ನೋ ಕಾಲಮ್ಮೂ ಇದ್ರೆ ಎರಡು ಕೊಳ ಆಗತ್ತೆ. ಒಂದರಲ್ಲಿ 300, ಇನ್ನೊಂದರಲ್ಲಿ 1.2. ಇದನ್ನ ತಪ್ಪಿಸೋದು ಸುಲಭ, ಜಿಯೋಪ್ಯಾಕೇಜ್‌ನಲ್ಲಿ ಕೊಡಿ. 2014ರಿಂದ ಅದು ಅಧಿಕೃತ ಮಾನದಂಡ. ಒಂದೇ ಫೈಲು, ಉದ್ದ ಹೆಸರು ಹಿಡಿಸತ್ತೆ, ನಿರ್ದೇಶಾಂಕ ಪದ್ಧತಿ ಒಳಗೇ ಕೂತಿರತ್ತೆ. ಫೈಲಿನ ಮಾತು ಇಷ್ಟು ಸಾಕು.

ರಾಯರು: ಆ ಪಿಆರ್‌ಜೆ ಬರದೇ ಇದ್ದಾಗ ಜನ ಏನು ಮಾಡ್ತಾರೆ ಅದನ್ನ ಹೇಳಮ್ಮ. ಅಲ್ಲೇ ನಿಜವಾದ ಗಲಾಟೆ.

ಪದ್ಮ: ಊಹೆ ಮಾಡ್ತಾರೆ. ತಂತ್ರಾಂಶದಲ್ಲಿ ಎರಡು ಆಯ್ಕೆ ಇರತ್ತೆ. ಒಂದು, ಈ ಪದರ (ಒಂದು ವಿಷಯದ ನಕ್ಷೆ) ಇಂಥ ಪದ್ಧತೀಲಿದೆ ಅಂತ ಹಣೆಪಟ್ಟಿ ಹಚ್ಚೋದು. ಅಂಕಿ ಒಂದೂ ಬದಲಾಗಲ್ಲ. ಇನ್ನೊಂದು, ಒಂದು ಪದ್ಧತಿಯಿಂದ ಇನ್ನೊಂದಕ್ಕೆ ಲೆಕ್ಕ ಹಾಕಿ ಪರಿವರ್ತಿಸೋದು; ಅಂಕಿ ಎಲ್ಲ ಬದಲಾಗತ್ತೆ. ಮೀಟರಲ್ಲಿ ಅಳೆಯೋ ಯುಟಿಎಮ್ ಪದ್ಧತಿಯ ಪದರಕ್ಕೆ, ಡಿಗ್ರೀಲಿ ಅಳೆಯೋ ಡಬ್ಲ್ಯುಜಿಎಸ್ 84 ಅಂತ ಪಟ್ಟಿ ಹಚ್ಚಿದ್ರೆ ರೇಖಾಂಶ 5,00,000 ಡಿಗ್ರಿ ಅಂತ ಬರತ್ತೆ.

ಸೀನ: ಭೂಮೀನ ಎಷ್ಟು ಸುತ್ತು ಸುತ್ತಿದ ಹಾಗಾಯ್ತು?

ಪದ್ಮ: 1,388 ಸುತ್ತು ಪೂರ್ತಿ, ಮೇಲೆ ಒಂದಿಷ್ಟು. ಇದು ಒಳ್ಳೇ ತಪ್ಪು, ಯಾಕಂದ್ರೆ ತಕ್ಷಣ ಕಾಣತ್ತೆ. ಕೆಟ್ಟ ತಪ್ಪು ಅಂದ್ರೆ ಹಳೇ ಡೇಟಮ್ಮಿನ ಪದರಕ್ಕೆ ಹೊಸ ಡೇಟಮ್ಮಿನ ಪಟ್ಟಿ. ಡೇಟಮ್ಮು ಅಂದ್ರೆ ಅಳತೆ ಶುರು ಮಾಡೋ ಆಧಾರ. ಇಡೀ ಊರು ನೂರಿನ್ನೂರು ಮೀಟರ್ ಪಕ್ಕಕ್ಕೆ ಸರಿದಿರತ್ತೆ, ನೋಡೋಕೆ ಮಾತ್ರ ಊರಿನ ಹಾಗೇ ಇರತ್ತೆ.

ರಾಯರು: ಅಕ್ಷಾಂಶ ಮೊದಲೋ ರೇಖಾಂಶ ಮೊದಲೋ ಅನ್ನೋದೂ ಬರೆದಿರ್ಬೇಕು. ಇಪಿಎಸ್‌ಜಿ 4326 (ಡಬ್ಲ್ಯುಜಿಎಸ್ 84 ಡಿಗ್ರಿಯ ಸಂಕೇತ ಸಂಖ್ಯೆ) ಪ್ರಕಾರ ಅಕ್ಷಾಂಶ ಮೊದಲು. ಜಿಯೋಜೇಸನ್ ಅನ್ನೋ ಫೈಲು ರೂಪದ ಪ್ರಕಾರ ರೇಖಾಂಶ ಮೊದಲು. ಅದಲುಬದಲಾದ್ರೆ ಪ್ಯಾರಿಸ್ ನಗರ ಸೊಮಾಲಿಯಾದ ಪೂರ್ವಕ್ಕೆ ಹಿಂದೂ ಮಹಾಸಾಗರದಲ್ಲಿ ತೇಲತ್ತೆ. ಎರಡೂ ಖಾಲಿ ಬಿಟ್ಟು ಸೊನ್ನೆ ತುಂಬಿಸಿದ್ರೆ ಗಿನಿ ಕೊಲ್ಲಿ.

ಗುಂಡ: ಅಡ್ಡಡ್ಡ ಎಷ್ಟು ಸರಿದ್ರೂ ಎಳೆದು ಕೂರಿಸಬಹುದು. ಅದಕ್ಕೆ ಇಷ್ಟು ರಂಪ ಯಾಕೆ?

ರಾಯರು: ಎತ್ತರ? ಅದನ್ನ ಎಲ್ಲಿಗೆ ಎಳೀತೀಯ? ಜರ್ಮನಿಗೂ ಸ್ವಿಟ್ಜರ್ಲೆಂಡಿಗೂ ಮಧ್ಯೆ ರೈನ್ ನದಿಗೆ ಲಾಫೆನ್‌ಬುರ್ಗ್‌ನಲ್ಲಿ ಸೇತುವೆ ಕಟ್ಟಿದ್ರು. ಜರ್ಮನರ ‘ಸಮುದ್ರ ಮಟ್ಟ’ ಆಮ್‌ಸ್ಟರ್‌ಡಾಮಿಂದು, ಸ್ವಿಸ್ಸರದ್ದು ಮಾರ್ಸೆಯಿಂದು. ಎರಡರ ಮಧ್ಯೆ 27 ಸೆಂಟಿಮೀಟರ್ ವ್ಯತ್ಯಾಸ. ಇದು ಇಬ್ಬರಿಗೂ ಗೊತ್ತಿತ್ತು ಕಣೋ! ಲೆಕ್ಕದಲ್ಲಿ ಸೇರಿಸಿಯೂ ಇದ್ರು. ಸೇರಿಸೋವಾಗ ಕೂಡೋದರ ಬದಲು ಕಳೆದ್ರು. 2003ರಲ್ಲಿ ನೋಡಿದ್ರೆ ಎರಡು ದಡದ ಕೆಲಸಕ್ಕೂ 54 ಸೆಂಟಿಮೀಟರ್ ಮೇಲೆ ಕೆಳಗೆ.

ಸೀನ: ಗೊತ್ತಿಲ್ಲದೇ ಇದ್ದಿದ್ರೆ 27ಕ್ಕೇ ಮುಗೀತಿತ್ತು!

ರಾಯರು: ಅದಕ್ಕೇ ಒಪ್ಪಂದದಲ್ಲಿ ‘ವ್ಯತ್ಯಾಸ 27 ಸೆಂ.ಮೀ.’ ಅಂತ ಬರೆದು ಬಿಟ್ರೆ ಸಾಲದು. ಒಂದು ಬಿಂದು ತಗೊಂಡು ಲೆಕ್ಕ ಬಿಡಿಸಿ ತೋರಿಸ್ಬೇಕು: ನಿಮ್ಮಲ್ಲಿ ಇಷ್ಟು ಇದ್ರೆ ನಮ್ಮಲ್ಲಿ ಇಷ್ಟು. ಅಧಿಕ ಚಿಹ್ನೆಯೋ ಋಣ ಚಿಹ್ನೆಯೋ ಅಂತ ಯಾರೂ ತಲೆ ಕೆರ್ಕೊಳ್ಳೋ ಹಾಗಿರಬಾರದು.

ಪದ್ಮ: ಜಿಪಿಎಸ್ ಕೊಡೋ ಎತ್ತರ ಇನ್ನೊಂದು ಕಥೆ. ಅದು ದೀರ್ಘವೃತ್ತಜದ, ಅಂದ್ರೆ ಭೂಮಿಯ ಲೆಕ್ಕದ ನುಣುಪು ಆಕಾರದ, ಮೇಲಿನ ಎತ್ತರ, ಸಮುದ್ರ ಮಟ್ಟದ್ದಲ್ಲ. ಎರಡರ ಅಂತರ ಪ್ರಪಂಚದ ಬೇರೆ ಬೇರೆ ಕಡೆ ಸುಮಾರು ಮೈನಸ್ 106 ಮೀಟರಿಂದ ಪ್ಲಸ್ 85 ಮೀಟರ್‌ವರೆಗೆ. ಒಳಚರಂಡಿಯವರು ಒಂದನ್ನ, ರಸ್ತೆಯವರು ಇನ್ನೊಂದನ್ನ ಹಿಡ್ಕೊಂಡ್ರೆ ಕೊಳಚೆ ನೀರು ನಕ್ಷೆ ಮೇಲೆ ಬೆಟ್ಟ ಹತ್ತತ್ತೆ.

ಗುಂಡ: ಆಳ ಅಂತ ಬರೆದುಬಿಟ್ರೆ ಆಯ್ತಲ್ಲ. ‘ರಸ್ತೆಯಿಂದ 1 ಮೀಟರ್ ಕೆಳಗೆ’. ಯಾವ ಸಮುದ್ರದ ಹಂಗೂ ಬೇಡ.

ಪದ್ಮ: ಯಾವ ವರ್ಷದ ರಸ್ತೆಯಿಂದ? ಕೊಳವೆ ಹಾಕಿದ ಮೇಲೆ ಮೂರು ಸಲ ಡಾಂಬರು ಬಳಿದಿರ್ತಾರೆ, ರಸ್ತೆ ಮೇಲೆ ಬಂದಿರತ್ತೆ. ಇನ್ನೊಂದು ಕಡೆ ಕೆರೆದು ತಗ್ಗಿಸಿರ್ತಾರೆ, ಅಲ್ಲಿ ಕೊಳವೆ ಮುಕ್ಕಾಲು ಮೀಟರಲ್ಲೇ ಸಿಗತ್ತೆ. ಅಗೆಯೋ ಯಂತ್ರ 80 ಸೆಂಟಿಮೀಟರ್ ಸುರಕ್ಷಿತ ಅಂತ ಇಳೀತು ಅಂದ್ರೆ ಮುಗೀತು. ಕೊಳವೆಯ ತಲೆಯ ಮಟ್ಟವನ್ನೇ ಬರೀಬೇಕು. ಆಳ ಬರೆಯೋದಾದ್ರೆ ಅಳೆದ ದಿನಾಂಕ ಜೊತೇಲಿರ್ಬೇಕು.

ರಾಯರು: ಹೇಗೆ ತಿಳ್ಕೊಂಡ್ರಿ ಅನ್ನೋದೂ. ಅಮೆರಿಕದ ಸಿವಿಲ್ ಎಂಜಿನಿಯರುಗಳ ಸಂಘದ 38ನೇ ಮಾನದಂಡದಲ್ಲಿ ನಾಲ್ಕು ದರ್ಜೆ ಇದೆ. ಹಳೇ ಕಾಗದ ನೋಡಿ ಬರೆದದ್ದು ಡಿ. ಮೇಲೆ ಕಾಣೋ ಮುಚ್ಚಳ, ಕವಾಟ ಅಳೆದು ಕಾಗದದ ಜೊತೆ ಹೊಂದಿಸಿದ್ದು ಸಿ. ರೇಡಾರು ಥರದ ಉಪಕರಣದಿಂದ ಪತ್ತೆ ಮಾಡಿದ್ದು ಬಿ. ಗುಂಡಿ ತೆಗೆದು ಕಣ್ಣಾರೆ ಕಂಡು ಅಳೆದದ್ದು ಎ. ಪರದೆ ಮೇಲೆ ನಾಲ್ಕೂ ಒಂದೇ ನೀಲಿ ಗೆರೆ. ದರ್ಜೆಯ ಕಾಲಮ್ಮು ಇಲ್ಲದ ಕೊಳವೆ ಪದರ ನನ್ನ ಕೇಳಿದ್ರೆ ಹಂಚಲೇಬಾರದು. ಸುಳ್ಳು ಧೈರ್ಯ ಕೊಡತ್ತೆ.

ಸೀನ: ಹಿಗ್ಗಿಸಿ ನೋಡಿದ್ರೆ ಸ್ಪಷ್ಟವಾಗಿ ಕಾಣತ್ತಲ್ಲ ರಾಯರೇ?

ರಾಯರು: ಗೆರೆ ಕಾಣತ್ತೆ. 1:50,000 ನಕ್ಷೇಲಿ ಅರ್ಧ ಮಿಲಿಮೀಟರ್ ಗೆರೆ ಅಂದ್ರೆ ನೆಲದ ಮೇಲೆ 25 ಮೀಟರ್ ಅಗಲ. ಆ ಅರಣ್ಯದ ಗಡಿ ಗೆರೇನ 1:1,000ದ ನಿವೇಶನ ನಕ್ಷೆ ಮೇಲೆ ಹಾಸಿ ‘ನಿಮ್ಮ ಅಡುಗೆಮನೆ ಅರಣ್ಯದಲ್ಲಿದೆ’ ಅಂತ ನೋಟಿಸು ಕೊಡೋರಿದ್ದಾರೆ. ಪ್ರತಿ ಪದರದ ಮೇಲೂ ‘ಇಂಥ ಅಳತೆಗಿಂತ ಹಿಗ್ಗಿಸಿ ತೀರ್ಮಾನ ಮಾಡಬೇಡಿ’ ಅಂತ ಅಂಕಿ ಸಮೇತ ಇರ್ಬೇಕು.

ಗುಂಡ: ನನ್ನ ಅನುಮಾನ ಬೇರೆ. ಗುರುತಿನ ಸಂಖ್ಯೆ ಒಂದೇ ಇದ್ರೆ ಎಲ್ಲ ತಾನಾಗೇ ಕೂಡ್ಕೊಳ್ಳಲ್ವಾ? ಎಕ್ಸೆಲ್‌ಗೆ ಹಾಕಿ ಜೋಡಿಸಿದ್ರಾಯ್ತು.

ಪದ್ಮ: ಅಯ್ಯೋ, ಎಕ್ಸೆಲ್ ಹೆಸರು ಎತ್ತಬೇಡ ಮಾರಾಯ! ಅದು ಅಂಕೀಲಿ 15 ಸ್ಥಾನ ಮಾತ್ರ ನೆನಪಿಟ್ಕೊಳ್ಳತ್ತೆ. ನಿವೇಶನ ಸಂಖ್ಯೆ 18 ಅಂಕಿದು ಅಂತಿಟ್ಕೋ. ಕೊನೇ ಮೂರು ಸೊನ್ನೆ ಆಗತ್ತೆ. ಒಂದು ಬಡಾವಣೇಲಿ ಮನೆಯಿಂದ ಮನೆಗೆ ವ್ಯತ್ಯಾಸ ಇರೋದೇ ಆ ಮೂರರಲ್ಲಿ.

ಸೀನ: ಇಡೀ ಬಡಾವಣೆ ಒಂದೇ ಸೈಟು. ತೆರಿಗೆ ಯಾರ ಹೆಸರಲ್ಲಿ?

ಪದ್ಮ: ಶುರುವಿನ ಸೊನ್ನೆಗಳೂ ಉದುರಿ ಹೋಗತ್ತೆ, 007 ಬರೀ 7 ಆಗತ್ತೆ. ಸಿಎಸ್‌ವಿ ಫೈಲನ್ನ (ಅಲ್ಪವಿರಾಮ ಹಾಕಿ ಬರೆದ ಸರಳ ಪಟ್ಟಿ) ಎರಡು ಸಲ ಕ್ಲಿಕ್ ಮಾಡಿ ತೆರೆದು ಉಳಿಸಿದ್ರೆ ಸಾಕು, ಕೆಟ್ಟಿತು. ಆಮದು ಮಾಡ್ಕೊಳ್ಳೋವಾಗಲೇ ಆ ಕಾಲಮ್ಮು ‘ಪಠ್ಯ’ ಅಂತ ಹೇಳ್ಬೇಕು. ಇನ್ನೊಂದು ನಿಯಮ, ಸೈಟು ಎರಡಾದಾಗ ಹಳೇ ಸಂಖ್ಯೆ ನಿವೃತ್ತಿ ಆಗ್ಬೇಕು. ಹೊಸ ಎರಡಕ್ಕೂ ಹೊಸ ಸಂಖ್ಯೆ, ಪಕ್ಕದಲ್ಲಿ ತಾಯಿ ಸಂಖ್ಯೆ, ಯಾವತ್ತಿಂದ ಯಾವತ್ತಿನವರೆಗೆ ಊರ್ಜಿತ ಅನ್ನೋ ಎರಡು ದಿನಾಂಕ. ಹಳೇದನ್ನೇ ದೊಡ್ಡ ಪಾಲಿಗೆ ಕೊಟ್ರೆ ಹೋದ ವರ್ಷ ನಕಲು ಪಡೆದ ಇಲಾಖೇಲಿ ಅದೇ ಸಂಖ್ಯೆಗೆ ಬೇರೆ ಆಕಾರ.

ರಾಯರು: ನಕಲು ಅಂದ್ಯಲ್ಲ, ಅಲ್ಲಿದೆ ನೋಡು ರೋಗ. ರಸ್ತೆ ಪದರ ರಸ್ತೆಯವರದ್ದು. ವಿದ್ಯುತ್ತಿನವರು ನಕಲು ತಗೊಂಡು, ಒಂದು ತಿರುವು ತಪ್ಪು ಅಂತ ತಮ್ಮ ನಕಲಿನಲ್ಲಿ ತಿದ್ಕೊಂಡ್ರು. ನೀರಿನವರು ಇನ್ನೊಂದು ಕಡೆ ತಿದ್ಕೊಂಡ್ರು. ಆರು ತಿಂಗಳಿಗೆ ಒಂದು ಊರಿಗೆ ಮೂರು ರಸ್ತೆ ಜಾಲ, ಮೂರೂ ‘ಅಧಿಕೃತ’. ಒಂದು ಪದರಕ್ಕೆ ಒಬ್ಬರೇ ಯಜಮಾನರು. ತಪ್ಪು ಕಂಡ್ರೆ ಅವರಿಗೆ ಹೇಳ್ಬೇಕು, ಅವರು ಇಷ್ಟು ದಿನದಲ್ಲಿ ತಿದ್ತೀವಿ ಅಥವಾ ಯಾಕೆ ತಿದ್ದಲ್ಲ ಅಂತ ಉತ್ತರಿಸ್ಬೇಕು. ಇಷ್ಟಕ್ಕೆ ಒಪ್ಪಿದ್ರೆ ಉಳಿದ ತಂತ್ರಜ್ಞಾನ ಹೇಗೋ ಆಗತ್ತೆ. ಒಪ್ಪದೇ ಇದ್ರೆ ಎಷ್ಟು ಸರ್ವರ್ ಕೊಂಡ್ರೂ ಮಳೇಲಿಟ್ಟ ಹಪ್ಪಳ.

ಗುಂಡ: ತಮ್ಮ ತಪ್ಪು ಬೀದಿಗೆ ಬರತ್ತೆ ಅನ್ನೋದೇ ಅವರ ಭಯ. ಅದಕ್ಕೇ ‘ಭದ್ರತಾ ಕಾರಣ’ ಅನ್ನೋದು.

ಪದ್ಮ: ಕೆಲವು ಸಲ ಕಾರಣ ನಿಜಾನೇ. ಮಾಲೀಕರ ಹೆಸರು ಎಲ್ಲರಿಗೂ ಯಾಕೆ? ರಸ್ತೆಯವರಿಗೆ ಸೈಟಿನ ಆಕಾರ, ಸಂಖ್ಯೆ ಸಾಕು. ಪದರಾನೇ ಮುಚ್ಚೋ ಬದಲು ಆ ಕಾಲಮ್ಮು ತೆಗೆದು ಕೊಡಿ.

ರಾಯರು: ಮಾರಿ ದುಡ್ಡು ಮಾಡೋ ಆಸೇನೂ ಇರತ್ತೆ. ಲ್ಯಾಂಡ್‌ಸ್ಯಾಟ್ ಉಪಗ್ರಹ ಚಿತ್ರ ಮೊದಲು ಮಾರಾಟದ ಸರಕು. 2008ರಲ್ಲಿ ಉಚಿತ ಮಾಡಿದ್ರು, ಬಳಕೆ ಎಷ್ಟೋ ಪಟ್ಟು ಏರಿತು. ಐರೋಪ್ಯ ಒಕ್ಕೂಟ ಇನ್ನೂ ನೇರವಾಗಿ ಹೋಯ್ತು. 2007ರ ಇನ್‌ಸ್ಪೈರ್ ನಿರ್ದೇಶನದಲ್ಲಿ, ನಕ್ಷೆ ಡೇಟಾ ಹಂಚಿಕೆಗೆ, 34 ವಿಷಯ ಪಟ್ಟಿ ಮಾಡಿ, ಯಾವ ಡೇಟಾ ಯಾರ ಹತ್ರ ಇದೆ ಅಂತ ವಿವರಪಟ್ಟಿ ಬರೀರಿ ಅಂತ ಕಾನೂನಿನಲ್ಲೇ ಹಾಕ್ತು.

ಸೀನ: ಹಾಗಾದ್ರೆ ನಾವೂ ಒಂದೇ ಸಲ 34 ಪದರ ಶುರು ಮಾಡೋಣ!

ಪದ್ಮ: ಬೇಡಪ್ಪ. ಎರಡು ಇಲಾಖೆ, ಎರಡು ಪದರ, ಒಂದು ಚದರ ಕಿಲೋಮೀಟರ್. ನೀರಿನ ಕೊಳವೆ ಮತ್ತು ರಸ್ತೆ. ಮೊದಲು ಒಂದರ ಮೇಲೊಂದು ಹಾಸಿ. ಆಮೇಲೆ ನೆಲಕ್ಕೆ ಹೋಗಿ. ನಕ್ಷೇಲಿರೋ ಮುಚ್ಚಳ, ಕವಾಟ, ಕಂಬ, ಹೀಗೆ ಕನಿಷ್ಠ 20 ಬಿಂದು ಆಯ್ಕೊಂಡು, ನಕ್ಷೆಗಿಂತ ಚೆನ್ನಾಗಿ ಅಳೆಯೋ ಉಪಕರಣದಲ್ಲಿ ಅಳೀರಿ. ಒಂದೇ ಮೂಲೇಲಿ ಇಪ್ಪತ್ತೂ ತಗೋಬೇಡಿ, ಹರಡಿರಲಿ. ಪ್ರತಿ ಬಿಂದು ಎಷ್ಟು ಸರಿದಿದೆ ನೋಡಿ, ವರ್ಗ ಮಾಡಿ, ಸರಾಸರಿ ತೆಗೆದು, ವರ್ಗಮೂಲ. ಅದನ್ನ 1.7308ರಿಂದ ಗುಣಿಸಿ. 0.60 ಮೀಟರ್ ಬಂದಿದ್ರೆ ಸುಮಾರು 1.04 ಮೀಟರ್ ಆಗತ್ತೆ. ನೂರಕ್ಕೆ 95 ಸಲ ತಪ್ಪು ಅಷ್ಟರೊಳಗೆ ಅಂತ ಧೈರ್ಯವಾಗಿ ಬರೀಬಹುದು. ಅಮೆರಿಕದ 1998ರ ನಿಖರತಾ ಮಾನದಂಡ ಹೇಳೋದು ಇದನ್ನೇ.

ಗುಂಡ: ಇಪ್ಪತ್ತೂ ಬಿಂದು ಒಂದೇ ದಿಕ್ಕಿಗೆ, ಒಂದೇ ದೂರ ಸರಿದಿದ್ರೆ?

ಪದ್ಮ: ಭೇಷ್! ಆಗ ಅಳತೆ ತಪ್ಪಲ್ಲ, ಡೇಟಮ್ಮು ತಪ್ಪು. ದಿಕ್ಕಿಗೊಂದು ಚೂರುಚೂರು ಸರಿದಿದ್ರೆ ಅಳತೆಯ ಒರಟುತನ. ಒಂದೆರಡು ಮಾತ್ರ ಹತ್ತಾರು ಮೀಟರ್ ಹಾರಿದ್ರೆ ಬೇರಾವುದೋ ಮುಚ್ಚಳ ಅಳೆದು ಬಂದಿದ್ದೀರಿ.

ಸೀನ: ಇದನ್ನೆಲ್ಲ ಒಂದು ಪುಟದಲ್ಲಿ ಬರೆದು ಇಬ್ಬರೂ ಸಹಿ ಹಾಕಿದ್ರೆ ಕೆಲಸ ಶುರು ಅಲ್ವಾ?

ರಾಯರು: ಪುಟ ತಯಾರಾಗಿದೆ. ಯಾವ ಇಲಾಖೆ ಹೆಸರು ಮೊದಲು ಬರ್ಬೇಕು ಅಂತ ತೀರ್ಮಾನಿಸೋಕೆ ಉಪಸಮಿತಿ ಮಾಡಿದ್ದಾರೆ.