ಬರ್ಮಾ ಸಾಗವಾನಿ ಅಂತ ತೋರಿಸುತ್ತಿದ್ದಾರೆ, ತಗೊಳ್ಳಬಹುದಾ?

ಪ್ರಶ್ನೆ (ಕಲಬುರಗಿ, ಸೇಡಂ ರಸ್ತೆ):
ಸರ್, ನಮಸ್ಕಾರ. ಮನೆ ಕಟ್ಟಿಸುತ್ತಿದ್ದೇವೆ, ತಲಬಾಗಿಲ ಚೌಕಟ್ಟು ಇದೇ ತಿಂಗಳು ನಿಲ್ಲಿಸಬೇಕು. ಒಂದು ನಾಟಾ ಅಡತಿಯಲ್ಲಿ (ಮರ ಮಾರುವ ಅಂಗಡಿ) ಬರ್ಮಾ ಸಾಗವಾನಿ ಅಂತ ತೋರಿಸಿದರು. ಪಕ್ಕದವರು ಘಾನಾದ್ದು ತೋರಿಸಿ ರೇಟು ತುಂಬಾ ಕಡಿಮೆ ಹೇಳಿದರು. ಅಪ್ಪ ಬರ್ಮಾದ್ದೇ ಬೇಕು ಅಂತ ಹಟ ಹಿಡಿದಿದ್ದಾರೆ. ತಮ್ಮ ಮಾತ್ರ ಅದು ಬ್ಯಾನ್ ಆಗಿದೆ, ಮುಟ್ಟಲೇಬೇಡ ಅಂತಾನೆ. ಯಾರ ಮಾತು ಕೇಳಲಿ?

ಉತ್ತರ (ಆಮದು ನಾಟಾ ಗ್ರೇಡಿಂಗ್ ಕೆಲಸ, 19 ವರ್ಷ):
ತಮ್ಮ ಹೇಳಿದ್ದರಲ್ಲಿ ಅರ್ಧ ಸರಿ ಇದೆ ರೀ. ಮ್ಯಾನ್ಮಾರ್, ಅಂದರೆ ಹಿಂದಿನ ಬರ್ಮಾ, 2014ರ ಏಪ್ರಿಲ್ 1ರಿಂದ ದುಂಡು ದಿಮ್ಮಿಗಳನ್ನು ಹೊರದೇಶಕ್ಕೆ ಕಳಿಸೋದು ನಿಲ್ಲಿಸಿದೆ. ಕೊಯ್ದ ನಾಟಾಕ್ಕೆ ಆ ತಡೆ ಇಲ್ಲ. ಹಾಗಾಗಿ ಯಾರಾದರೂ ಇಡೀ ದಿಮ್ಮಿ ತೋರಿಸಿ ಇದು ಹೋದ ವರ್ಷ ಬಂದ ಬರ್ಮಾ ಮಾಲು ಅಂದರೆ ಅಲ್ಲೇ ಅನುಮಾನ ಪಡಿ. 2021ರಲ್ಲಿ ಸೇನೆ ಅಧಿಕಾರ ಹಿಡಿದ ಮೇಲೆ ಅಮೆರಿಕ, ಯುರೋಪ್ ಒಕ್ಕೂಟ ಎರಡೂ ಅಲ್ಲಿನ ಸರ್ಕಾರಿ ನಾಟಾ ಸಂಸ್ಥೆ ಮೇಲೆ ನಿರ್ಬಂಧ ಹಾಕಿದವು. ನಮ್ಮ ದೇಶ ಹಾಕಿಲ್ಲ, ಆದ್ದರಿಂದ ಕೊಂಡರೆ ಅಪರಾಧ ಅಲ್ಲ. ಆದರೆ ಆ ದುಡ್ಡು ಯಾರ ಕೈಗೆ ಹೋಗುತ್ತದೆ ಅಂತ ಗೊತ್ತಿದ್ದೂ ತಗೊಳ್ಳಿ ಅನ್ನೋಕೆ ನನಗೆ ಮನಸ್ಸು ಬರಲ್ಲ.

ಇನ್ನೊಂದು ಮಾತು. ಎಣ್ಣೆ ಜಿನುಗುವಂಥ ಒಳ್ಳೆ ಹಲಗೆಗೆಲ್ಲ ಬಜಾರಿನಲ್ಲಿ ಬರ್ಮಾ ಅಂತಲೇ ಕರೆದುಬಿಡುತ್ತಾರೆ. ಈಗ ಕಾಂಡ್ಲಾ ಬಂದರಿಗೆ ಇಳಿಯುವ ಸಾಗವಾನಿ ಜಾಸ್ತಿ ಘಾನಾ, ಟಾಂಜಾನಿಯಾ, ಈಕ್ವೆಡಾರ್, ಬ್ರೆಜಿಲ್ ಕಡೆಯ ನೆಡುತೋಪಿನದು. ಕೊಯ್ದ ತುದಿ ನೋಡಿ. ಬೇಗ ಬೆಳೆದ ಮರದ ಉಂಗುರಗಳು ಅಗಲ, ಹೆಬ್ಬೆರಳು ಇಟ್ಟರೆ ಅದರಡಿ ಎರಡೋ ಮೂರೋ ಸಿಗುತ್ತವೆ. ಅಂಚಿಗೆ ಬಿಳಿ ಭಾಗ ದಪ್ಪ ಇರುತ್ತದೆ. ಗೆದ್ದಲು ಮೊದಲು ಬಾಯಿ ಹಾಕೋದು ಅದಕ್ಕೇ. ಕೆಚ್ಚು, ಅಂದರೆ ನಡುವಿನ ಗಟ್ಟಿ ಕಂದು ಭಾಗ, ಮಾತ್ರ ಇರುವ ತುಂಡು ಆರಿಸಿದರೆ ಘಾನಾದ್ದೂ ಚೌಕಟ್ಟಿಗೆ ಗಟ್ಟಿಯೇ. ಆದರೆ ಬರೀ ಕಣ್ಣಲ್ಲಿ ನೋಡಿ ಯಾವ ದೇಶದ್ದು ಅಂತ ಯಾರೂ ಆಣೆ ಮಾಡಿ ಹೇಳೋಕೆ ಆಗಲ್ಲ. ಅದಕ್ಕೆ ಯಾವ ದೇಶದಿಂದ ಬಂತು ಅಂತ ತೋರಿಸುವ ಕಾಗದವೇ ಬೇಕು.

ಪ್ರಶ್ನೆ (ಬೀದರ್):
ಅಣ್ಣಾ, ಮಧ್ಯೆ ಬಂದೆ. ಹೊರದೇಶದ ಕಾಡಿನ ನಾಟಾನೇ ಬೇಡ, ಕಲ್ಲಿನ ಚೌಕಟ್ಟು ಹಾಕೋಣ ಅಂತ ಎಲ್ಲರೂ ನಿಂತರೆ ಕಾಡು ಉಳಿಯುತ್ತದೆ ಅಲ್ವಾ?

ಉತ್ತರ:
ಮೊದಲು ನಾನೂ ಹಾಗೇ ಅಂದುಕೊಂಡಿದ್ದೆ ತಮ್ಮಾ. ಆದರೆ ಮರದಿಂದ ನಾಲ್ಕು ಕಾಸು ಬರದಿದ್ದರೆ ಆ ಊರಿನವರು ಕಾಡು ಸವರಿ ತಾಳೆ ಎಣ್ಣೆ ತೋಟ ಹಾಕುತ್ತಾರೆ, ಇಲ್ಲ ದನ ಮೇಯಿಸುತ್ತಾರೆ. ಹೊಟ್ಟೆಪಾಡು, ಅವರದ್ದು ತಪ್ಪು ಅನ್ನೋಕಾಗಲ್ಲ. ಅದಕ್ಕೇ ಮಾರುವ ದೇಶ, ಕೊಳ್ಳುವ ದೇಶ ಎರಡನ್ನೂ ಕೂರಿಸಿ 1983ರಲ್ಲಿ ಒಂದು ಒಪ್ಪಂದ ಆಯಿತು. ಅದರಿಂದ ಹುಟ್ಟಿದ್ದು ಜಪಾನಿನ ಯೊಕೊಹಾಮಾದಲ್ಲಿರುವ ಐಟಿಟಿಒ, ಅಂದರೆ ಅಂತರರಾಷ್ಟ್ರೀಯ ಉಷ್ಣವಲಯ ನಾಟಾ ಸಂಸ್ಥೆ. ಈಗ ನಡೆಯುತ್ತಿರುವುದು 2006ರ ಒಪ್ಪಂದ, ಜಾರಿಗೆ ಬಂದಿದ್ದು 2011ರಲ್ಲಿ. ಬೆಳೆದು ಮಾರುವವರು, ಕೊಳ್ಳುವವರು ಅಂತ ಎರಡೂ ಬಣಕ್ಕೆ ತಲಾ 1000 ಮತ. ನಾವು ಇಷ್ಟೊಂದು ದಿಮ್ಮಿ ಹೊರಗಿಂದ ತರಿಸಿದರೂ ಭಾರತ ಕೂತಿರೋದು ಬೆಳೆಯುವ ದೇಶಗಳ ಸಾಲಿನಲ್ಲಿ!

ಈ ಸಂಸ್ಥೆ ಯಾರಿಗೂ ದಂಡ ಹಾಕಲ್ಲ. ಕಾಡು ನೋಡಿಕೊಳ್ಳೋಕೆ ದುಡ್ಡು, ತರಬೇತಿ ಕೊಡುತ್ತದೆ. ಬಿಗಿ ಇರೋದು ಸೈಟಿಸ್‌ನಲ್ಲಿ, ಅಂದರೆ ಅಳಿವಿನಂಚಿನ ಗಿಡ, ಪ್ರಾಣಿಗಳನ್ನು ದೇಶದಿಂದ ದೇಶಕ್ಕೆ ಮಾರೋದಕ್ಕೆ ಕಡಿವಾಣ ಹಾಕುವ ಒಪ್ಪಂದದಲ್ಲಿ. ನಮ್ಮ ಬೀಟೆ 2017ರ ಜನವರಿ 2ರಿಂದ ಅದರ ಎರಡನೇ ಪಟ್ಟಿಯಲ್ಲಿದೆ, ಪರ್ಮಿಟ್ ಇಲ್ಲದೆ ಗಡಿ ದಾಟಿಸುವ ಹಾಗಿಲ್ಲ. ಇಂಡೋನೇಷ್ಯಾ 2016ರ ನವೆಂಬರ್‌ನಿಂದ ಯುರೋಪಿಗೆ ಹೋಗುವ ನಾಟಾಕ್ಕೆ ಕಾನೂನುಬದ್ಧ ಅನ್ನುವ ಲೈಸೆನ್ಸ್ ಕೊಡುತ್ತಿದೆ, ಯಾಕಂದರೆ ಅಲ್ಲಿ ಕೊಳ್ಳುವವರು ಕೇಳಿದರು. ನಮ್ಮ ಅಡತಿಗಳಲ್ಲಿ ಗಿರಾಕಿ ಕೇಳೋದು ಸಿಎಫ್‌ಟಿಗೆ (ಘನ ಅಡಿಗೆ) ಎಷ್ಟು ಅಂತ ಮಾತ್ರ. ಇದು ನನಗೆ ನಿಜಕ್ಕೂ ಬೇಜಾರು.

ಪ್ರಶ್ನೆ (ಕಲಬುರಗಿ):
ಸರ್, ಸಂಜೆ ಹೋಗಿ ಕೇಳಿದೆ. ಬರ್ಮಾ ಅಂದವರು ಕಾಗದ ತೋರಿಸಲಿಲ್ಲ. ಘಾನಾದವರು ಬಂದರಿನ ಬಿಲ್ಲಿನ ನಕಲು ಕೊಟ್ಟರು, ದೇಶದ ಹೆಸರಿದೆ. ಅಪ್ಪನೂ ಜೊತೆಗೇ ಇದ್ದರು, ಒಪ್ಪಿದರು.

ಉತ್ತರ:
ಒಳ್ಳೇದಾಯ್ತು. ನಿಮ್ಮ ಬಿಲ್ಲಿನಲ್ಲೂ ಸುಮ್ನೆ ಸಾಗವಾನಿ ಅಂತ ಬೇಡ, ಘಾನಾ ಸಾಗವಾನಿ ಅಂತ ಬರೆಸಿ. ಕೊಯ್ಸಿದ ಕೂಡಲೇ ನಿಲ್ಲಿಸಬೇಡಿ, ನಮ್ಮ ಬಿಸಿಲಿಗೆ ಹಸಿ ಮರ ಸೀಳಿಬಿಡುತ್ತದೆ. ನೆರಳಲ್ಲಿ ನಡುನಡುವೆ ಪಟ್ಟಿ ಇಟ್ಟು ಗಾಳಿ ಆಡುವ ಹಾಗೆ ಜೋಡಿಸಿ, ಪೂರ್ತಿ ಒಣಗಿದೆ ಅಂತ ನಿಮ್ಮ ಬಡಿಗೇರರು ಹೇಳಲಿ. ಚೌಕಟ್ಟಿನ ಪೂಜೆ ಮುಂದಿನ ತಿಂಗಳಿಗೆ ಹೋದರೂ ಪರವಾಗಿಲ್ಲ ಅಂತ ಅಪ್ಪನಿಗೆ ಹೇಳಿ.